ಬರದ ನಾಡಿನಲ್ಲಿ ಭಯ ಮತ್ತು ಅಭಯ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಗಳ ಇತಿಹಾಸವನ್ನು ಬರೆಯಹೊರಟವರು ಅರಸರ ವಂಶಾವಳಿಯೊಡನೆ ಬರಗಾಲಗಳ ವಂಶಾವಳಿಯನ್ನೂ ಬರೆಯಬೇಕಾಗುತ್ತದೆ. ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಸೇವುಣರು, ಬಹಮನಿ ಸುಲ್ತಾನರು, ಆದಿಲ್‌ಶಾಹಿಗಳು, ಮರಾಠರು, ಕೊನೆಗೆ ಆಂಗ್ಲರು ಈ ನೆಲವನ್ನು ಒಬ್ಬರಾದ ಮೇಲೊಬ್ಬರು ಆಳಿದರು. ಅವರೆಲ್ಲರ ಕಾಲದಲ್ಲಿಯೂ ಒಕ್ಕಲಿಗನ ಕಣ್ಣು ಮುಗಿಲಿನ ಕಡೆಗೇ ನೆಟ್ಟಿತ್ತು. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ ಹರಿಯುತ್ತಿದ್ದರೂ ನಡುವಿನ ಎರೆಭೂಮಿಗೆ ಬಹುಕಾಲ ಮಳೆಯೇ ಆಧಾರವಾಗಿತ್ತು. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಒಳಗೇ ಬೀಳುವ ಆ ಮಳೆಯಲ್ಲಿ ಹಿಂಗಾರಿ ಬಿಳಿಜೋಳವೇ ಜನರ ಜೀವನಾಡಿ. ಡೋಣಿ ನದಿಯ ಕಣಿವೆಯಲ್ಲಿ ಬೆಳೆ ಬಂದರೆ ಓಣಿಯೆಲ್ಲ ಜೋಳವೆಂದು ಜನ ಆಡಿಕೊಳ್ಳುತ್ತಾರೆ. ಆ ಬೆಳೆ ಬಾರದ ವರ್ಷ ಓಣಿಯ ಗತಿಯೇನೆಂಬ ಆತಂಕವೂ ಅದೇ ಮಾತಿನ ಒಳಗೆ ಅಡಗಿದೆ.

ಬರ ಒಂದು, ಬರದ ಅಂಜಿಕೆ ಇನ್ನೊಂದು. ಮಳೆ ಬಾರದಿರುವುದು ಪ್ರಕೃತಿಯ ವ್ಯಾಪಾರ. ಮಳೆ ಬಾರದೆಂದು ತೋರಿದಾಗ ಧಾನ್ಯವನ್ನು ಮುಚ್ಚಿಡಬೇಕೋ ಮಾರಬೇಕೋ, ಎತ್ತುಗಳನ್ನು ಸಂತೆಗೆ ಹೊಡೆಯಬೇಕೋ ಉಳಿಸಿಕೊಳ್ಳಬೇಕೋ, ಊರು ಬಿಡಬೇಕೋ ಇರಬೇಕೋ, ನೆರೆಮನೆಗೆ ಒಂದು ಸೇರು ಜೋಳ ಕಡ ಕೊಡಬೇಕೋ ಬೇಡವೋ ಎಂಬುದು ಮನುಷ್ಯನ ತೀರ್ಮಾನ. ಈ ತೀರ್ಮಾನಗಳು ಅಪಾಯದ ನಿಜವಾದ ಅಳತೆಯಿಂದ ಹುಟ್ಟುವುದು ಅಪರೂಪ. ಅಪಾಯವು ಮನಸ್ಸಿಗೆ ಎಷ್ಟು ದೊಡ್ಡದಾಗಿ ಕಂಡಿತೋ ಆ ಅಳತೆಯಿಂದಲೇ ಅವು ಹುಟ್ಟುತ್ತವೆ. ಈ ನಾಲ್ಕು ಸೀಮೆಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದಾಗ ಒಂದು ಸತ್ಯ ಸ್ಪಷ್ಟವಾಗುತ್ತದೆ. ಅಂಜಿಕೆಯು ಒಬ್ಬೊಬ್ಬರ ಬಾಗಿಲಿನ ಒಳಗೇ ಉಳಿದಾಗ ಬರವು ಬೆಳೆದಿದೆ. ಅದೇ ಅಂಜಿಕೆ ನಾಲ್ವರ ಮುಂದೆ ಬಂದು ಲೆಕ್ಕಕ್ಕೆ ಒಳಪಟ್ಟಾಗ ಏರ್ಪಾಡಾಗಿ ಜೀವಗಳನ್ನು ಉಳಿಸಿದೆ.

ನೆನಪಿನಲ್ಲಿ ಉಳಿದ ಬರಗಳು

ಕನ್ನಡ ನಾಡಿನ ಜೈನ ಪರಂಪರೆಯ ಆರಂಭದಲ್ಲಿಯೇ ಒಂದು ಬರಗಾಲದ ಕಥೆಯಿದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ, ಸುಮಾರು ಕ್ರಿ.ಶ. 600ರ ಕಾಲದ ಶಾಸನವು ನಿಮಿತ್ತಜ್ಞಾನಿಗಳಾದ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವೈಷಮ್ಯಕಾಲವನ್ನು ಮುಂಗಂಡು ನುಡಿದುದನ್ನೂ, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟುದನ್ನೂ ಹೇಳುತ್ತದೆ. 'ವಡ್ಡಾರಾಧನೆ'ಯ ಭದ್ರಬಾಹು ಭಟಾರರ ಕಥೆಯಲ್ಲಿಯೂ ಈ ಪ್ರಸಂಗ ಬರುತ್ತದೆ. ಈ ಕಥನದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಪಾಯವನ್ನು ಕಂಡವರು ಅದನ್ನು ತಮ್ಮಲ್ಲಿಯೇ ಇಟ್ಟುಕೊಂಡು ಒಬ್ಬಂಟಿಯಾಗಿ ಪಾರಾಗಲಿಲ್ಲ. ಇಡೀ ಸಂಘಕ್ಕೆ ತಿಳಿಸಿದರು. ಬರ ತಲೆಯ ಮೇಲೆ ಬರುವ ಮುನ್ನವೇ, ಕಾಲುಗಳಲ್ಲಿ ಶಕ್ತಿ ಇರುವಾಗಲೇ ಪ್ರಯಾಣ ನಡೆಯಿತು.

ದಖ್ಖನದ ಜನರ ನೆನಪಿನಲ್ಲಿ ಮತ್ತೊಂದು ಹನ್ನೆರಡು ವರ್ಷಗಳ ಬರವೂ ಉಳಿದಿದೆ. 1396ರಲ್ಲಿ ಆರಂಭವಾಯಿತೆಂದು ಹೇಳಲಾಗುವ ಅದನ್ನು ದುರ್ಗಾದೇವಿ ಬರವೆಂದು ಕರೆದರು. 15ನೆಯ ಶತಮಾನದ ಇನ್ನೊಂದು ಬರಕ್ಕೆ ಇಂಡಿ ಸೀಮೆಯ ನೆರೆಯ ಮಂಗಳವೇಢೆಯ ದಾಮಾಜಿಪಂತನ ಹೆಸರು ಅಂಟಿಕೊಂಡಿದೆ. ಬಹಮನಿ ಅರಸರ ಅಧಿಕಾರಿಯಾಗಿದ್ದ ಆತನು ದೊರೆಯ ಅಪ್ಪಣೆಗೆ ಕಾಯದೆ ಸರಕಾರಿ ಕಣಜವನ್ನು ಹಸಿದವರಿಗೆ ತೆರೆದನೆಂದು ಪರಂಪರೆ ಹೇಳುತ್ತದೆ. ಅರಸನ ಕೋಪದ ಭಯ ಒಂದು ಕಡೆ, ಕಣ್ಣ ಮುಂದಿನ ಹಸಿವು ಇನ್ನೊಂದು ಕಡೆ ಇದ್ದಾಗ ಎರಡನೆಯದನ್ನು ದೊಡ್ಡದೆಂದು ಎಣಿಸಿದ ಆ ಮನುಷ್ಯನನ್ನು ಜನ ಸಂತನೆಂದು ಪೂಜಿಸಿದರು.

1791-92ರ ಬರಕ್ಕೆ ಉಳಿದ ಹೆಸರು ಡೋಗಿ ಬರ. ಡೋಗಿ ಎಂದರೆ ತಲೆಬುರುಡೆ. ಸತ್ತವರನ್ನು ಮಣ್ಣುಮಾಡುವವರೂ ಇಲ್ಲದೆ ನೆಲದ ಮೇಲೆ ಬುರುಡೆಗಳು ಬಿದ್ದಿದ್ದವೆಂಬುದೇ ಆ ಹೆಸರಿನ ಅರ್ಥ. ಇಂತಹ ಒಂದು ಶಬ್ದವು ಮೂರು ನಾಲ್ಕು ತಲೆಮಾರುಗಳ ತೀರ್ಮಾನಗಳನ್ನು ಆಳಬಲ್ಲದು. ಸುಲಭವಾಗಿ ನೆನಪಿಗೆ ಬರುವ ಸಂಗತಿಯನ್ನು ಮನುಷ್ಯನು ಹೆಚ್ಚು ಸಂಭವನೀಯವೆಂದು ಭಾವಿಸುತ್ತಾನೆಂಬುದನ್ನು 1973ರಲ್ಲಿ ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ತೋರಿಸಿದರು. ಬುರುಡೆಯ ಹೆಸರನ್ನು ಕೇಳಿ ಬೆಳೆದ ಮಕ್ಕಳಿಗೆ ಮಳೆ ಹದಿನೈದು ದಿನ ತಡವಾದರೂ ಎದೆ ನಡುಗುವುದು ಸಹಜವೇ ಆಗಿತ್ತು. ಆ ನಡುಕ ಮೂಢತನವಲ್ಲ. ಕಂಡು ಉಂಡವರು ಬಿಟ್ಟುಹೋದ ಎಚ್ಚರಿಕೆ. ಆದರೆ ಎಚ್ಚರಿಕೆಯು ಯಾವ ಕಾರ್ಯಕ್ಕೆ ತಿರುಗುತ್ತದೆ ಎಂಬುದರ ಮೇಲೆ ಮುಂದಿನ ಫಲ ನಿಂತಿರುತ್ತದೆ.

ಹಗೇವು: ಅಂಜಿಕೆಯ ವಿವೇಕ

ಈ ನೆಲದ ಜನ ತಮ್ಮ ಅಂಜಿಕೆಗೆ ಕೊಟ್ಟ ಅತ್ಯಂತ ವಿವೇಕದ ರೂಪವೆಂದರೆ ಹಗೇವು. ನೀರು ಬಸಿಯದ ಗಟ್ಟಿ ನೆಲದಲ್ಲಿ ಆಳವಾದ ಗುಂಡಿಯನ್ನು ತೋಡಿ, ಒಳಗೆ ಜೋಳದ ಕಣಿಕೆಯನ್ನೂ ಹೊಟ್ಟನ್ನೂ ಹಾಸಿ, ಜೋಳ ತುಂಬಿ, ಕಿರಿದಾದ ಬಾಯಿಯನ್ನು ಕಲ್ಲಿನಿಂದಲೂ ಮಣ್ಣಿನಿಂದಲೂ ಭದ್ರವಾಗಿ ಮುಚ್ಚುತ್ತಿದ್ದರು. ಗಾಳಿಯಾಡದ ಆ ಕತ್ತಲಲ್ಲಿ ಧಾನ್ಯವು ಹಲವು ವರ್ಷ ಉಳಿಯುತ್ತಿತ್ತು. ಹಗೇವಿನ ಜೋಳಕ್ಕೆ ಒಂದು ಬಗೆಯ ವಾಸನೆ ಹತ್ತುತ್ತಿತ್ತಾದರೂ ಬರದ ವರ್ಷದಲ್ಲಿ ಅದೇ ಅಮೃತ. ಸುಗ್ಗಿ ಚೆನ್ನಾಗಿ ಬಂದ ವರ್ಷದ ಹೆಚ್ಚಳವನ್ನು ಸುಗ್ಗಿ ತಪ್ಪುವ ವರ್ಷಕ್ಕೆ ಸಾಗಿಸುವ ಸಾಧನ ಅದಾಗಿತ್ತು.

ಆದರೆ ಹಗೇವಿನಲ್ಲಿ ಎರಡು ಅಪಾಯಗಳಿದ್ದವು. ಒಂದು ಕಣ್ಣಿಗೆ ಕಾಣದ ಕೆಟ್ಟ ಗಾಳಿ. ಮುಚ್ಚಿದ ಹಗೇವಿನಲ್ಲಿ ಪ್ರಾಣವಾಯು ತೀರಿಹೋಗಿರುವುದರಿಂದ ಬಾಯಿ ತೆರೆದ ಕೂಡಲೇ ಇಳಿದವರು ಸಾಯುವುದುಂಟು. ಆದುದರಿಂದ ಅನುಭವಿಗಳು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಕಾಣದ ಅಪಾಯವನ್ನು ಅಳೆಯುವ ಸರಳವಾದ ಉಪಾಯ ಅದು. ಎರಡನೆಯ ಅಪಾಯ ಮನಸ್ಸಿನದು. ಹಗೇವನ್ನು ಎಂದು ತೆರೆಯಬೇಕೆಂಬುದಕ್ಕೆ ದೀಪದಂತಹ ಅಳತೆಗೋಲು ಯಾವುದೂ ಇರಲಿಲ್ಲ. ಈ ವರ್ಷ ಬರ. ಆದರೆ ಮುಂದಿನ ವರ್ಷ ಇನ್ನೂ ಕಠಿಣವಾದರೆ? ಇಂದು ತೆರೆದರೆ ಊರೆಲ್ಲ ಬಾಗಿಲಿಗೆ ಬಂದರೆ? ಈ ಪ್ರಶ್ನೆಗಳಿಗೆ ಕೊನೆಯಿಲ್ಲ. ಬರಕ್ಕೆಂದೇ ತುಂಬಿದ ಹಗೇವು ಬರದ ಅಂಜಿಕೆಯಿಂದಲೇ ಮುಚ್ಚಿಕೊಂಡಿರುವ ಸಾಧ್ಯತೆ ಹೀಗೆ ಹುಟ್ಟುತ್ತದೆ.

1876ರ ಮೂರು ಭಯಗಳು

1876ರಲ್ಲಿ ಮಳೆ ಕೈಕೊಟ್ಟಿತು. ಆಗ ಈ ನಾಲ್ಕು ತಾಲ್ಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. ಮುಂಬಯಿ ಪ್ರಾಂತದಲ್ಲಿ ಆ ಬರದಿಂದ ಅತ್ಯಂತ ತೀವ್ರವಾಗಿ ಬಾಧಿತವಾದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಜಿಲ್ಲೆಯಲ್ಲಿ ರೈಲು ಇರಲಿಲ್ಲ. 1860ರಲ್ಲಿ ಸೊಲ್ಲಾಪುರದವರೆಗೆ ಬಂದಿದ್ದ ರೈಲಿನಿಂದ ಧಾನ್ಯವು ಬಂಡಿಗಳಲ್ಲಿ ಬರಬೇಕು; ಬಂಡಿಯೆಳೆಯುವ ಎತ್ತುಗಳಿಗೆ ದಾರಿಯಲ್ಲಿ ಮೇವೂ ಇಲ್ಲ, ನೀರೂ ಇಲ್ಲ. ಸೊಲ್ಲಾಪುರಕ್ಕೆ ಇಂಡಿ ಹತ್ತಿರ, ಮುದ್ದೇಬಿಹಾಳ ಬಹು ದೂರ. ಹೀಗೆ ದೂರ ಹೆಚ್ಚಿದಂತೆ ಧಾನ್ಯ ಬಂದೀತೆಂಬ ಭರವಸೆಯೂ ಕಡಿಮೆಯಾಗುತ್ತಿತ್ತು.

ಆ ಬರದಲ್ಲಿ ಮೂರು ಬಗೆಯ ಭಯಗಳು ಒಂದರೊಡನೊಂದು ಹೆಣೆದುಕೊಂಡವು. ಮೊದಲನೆಯದು ಧಾನ್ಯವುಳ್ಳವರ ಭಯ. ಮಳೆ ತಪ್ಪಿದ ಕೆಲವೇ ವಾರಗಳಲ್ಲಿ ಧಾರಣೆ ಏರಿತು. ಕಾಳು ತೀರಿಹೋದ ಮೇಲೆ ಬೆಲೆ ಏರುವುದು ಸಹಜ. ಕಾಳು ತೀರುವುದೆಂಬ ನಿರೀಕ್ಷೆಯಿಂದಲೂ ಅದು ಏರುತ್ತದೆ. ಉಳ್ಳವನು ಮಾರದೆ ಕಾಯುತ್ತಾನೆ. ಕೊಳ್ಳುವವನು ಸಾಧ್ಯವಾದಷ್ಟು ಹೆಚ್ಚು ಕೊಳ್ಳುತ್ತಾನೆ. ಇಬ್ಬರ ಅಂಜಿಕೆಯೂ ಸೇರಿ ಕೂಲಿಯವನ ಕೈಗೆ ಎಟುಕದ ಎತ್ತರಕ್ಕೆ ಬೆಲೆಯನ್ನು ಒಯ್ಯುತ್ತವೆ. ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬುದು ಅಂದಿನ ಸರಕಾರದ ನೀತಿಯಾಗಿತ್ತು. ಕಾಳು ಇದ್ದರೂ ಅದನ್ನು ಕೊಳ್ಳುವ ಶಕ್ತಿ ಇಲ್ಲದೆ ಜನ ಸಾಯುತ್ತಾರೆಂಬುದನ್ನು 1981ರಲ್ಲಿ ಅಮರ್ತ್ಯ ಸೇನ್ ಅವರು 1943ರ ಬಂಗಾಳದ ಕ್ಷಾಮವನ್ನು ಮುಂದಿಟ್ಟು ವಿವರಿಸಿದರು. ಎರೆಭೂಮಿಯ ಕೂಲಿಕಾರನು ಅದನ್ನು ನೂರು ವರ್ಷಗಳ ಹಿಂದೆಯೇ ತನ್ನ ಹೊಟ್ಟೆಯಿಂದ ಅರಿತಿದ್ದನು.

ಎರಡನೆಯದು ಬಡವರ ಭಯ. ಸರಕಾರವು ರಸ್ತೆ, ಕೆರೆಗಳ ಕಾಮಗಾರಿಯನ್ನು ತೆರೆಯಿತು. ಅಲ್ಲಿಗೆ ಹೋಗುವುದೆಂದರೆ ಮನೆಯನ್ನೂ ಹೊಲವನ್ನೂ ಬಿಡಬೇಕು, ಅಪರಿಚಿತರ ನಡುವೆ ಉಣ್ಣಬೇಕು, ಕಲ್ಲು ಒಡೆಯುವ ಕೂಲಿಯೆಂದು ಕರೆಸಿಕೊಳ್ಳಬೇಕು. ಮಾನ ಹೋದೀತು, ಕುಲಾಚಾರ ಕೆಟ್ಟೀತು, ಹಿಂದೆ ಬಿಟ್ಟ ಬಾಗಿಲು ಮುರಿದಾರು ಎಂಬ ಅಂಜಿಕೆ ಹಸಿವಿಗಿಂತ ಮೊದಲು ಮಾತಾಡುತ್ತದೆ. ಇನ್ನೊಂದು ವಾರ ನೋಡೋಣ ಎಂದು ಕಾದವರು ಕೊನೆಗೆ ಹೊರಟಾಗ ದೇಹದಲ್ಲಿ ಕಸುವು ಉಳಿದಿರುವುದಿಲ್ಲ. ಶಕ್ತಿ ಕುಂದುವ ಮೊದಲೇ ಜನರಿಗೆ ಕೆಲಸ ದೊರೆಯಬೇಕೆಂದು 1880ರ ಕ್ಷಾಮ ಆಯೋಗವು ಒತ್ತಿ ಹೇಳಿದುದರ ಹಿಂದೆ ಇಂತಹ ತಡವಾದ ಹೊರಡುವಿಕೆಗಳ ಕಹಿ ಅನುಭವವಿದೆ.

ಮೂರನೆಯದು ಆಳುವವರ ಭಯ. ಇದರ ಕಥೆ ಅತ್ಯಂತ ಬೋಧಪ್ರದವಾದುದು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು 1874ರಲ್ಲಿ ಬಿಹಾರದ ಬರವನ್ನು ಎದುರಿಸಿದಾಗ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದನು. ಅಲ್ಲಿ ಹಸಿವಿನಿಂದ ಸತ್ತವರು ಅತ್ಯಲ್ಪ. ಆದರೆ ಆತನಿಗೆ ದೊರೆತುದು ದುಂದುಗಾರನೆಂಬ ಟೀಕೆ. 1877ರ ಆರಂಭದಲ್ಲಿ ದಕ್ಷಿಣದ ಬರಪೀಡಿತ ಪ್ರದೇಶಗಳಿಗೆ ಆತನನ್ನೇ ಕಳುಹಿಸಿದಾಗ ಮಿತವ್ಯಯವೇ ಆತನ ಮಂತ್ರವಾಯಿತು. ಕಾಮಗಾರಿಯವರ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಲಾಯಿತು. ದುಡಿಯುವ ದೇಹಕ್ಕೆ ಇಷ್ಟು ಸಾಲದೆಂದು ಮದ್ರಾಸಿನ ವೈದ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದನು. ಮುಂಬಯಿ ಪ್ರಾಂತದಲ್ಲಿ ಕಾಮಗಾರಿಯ ಜನರೇ ಕೆಲಸ ಬಿಟ್ಟು ನಿಂತರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಅಹವಾಲು ಬರೆಯಿತು. ಒಮ್ಮೆ ಜೀವಗಳನ್ನು ಉಳಿಸಿದ ಕೈಯೇ ನಿಂದೆಯ ಭಯದಿಂದ ಬಿಗಿಯಾಯಿತೆಂಬುದು ದುಃಖದ ಸಂಗತಿ. ಖಜಾನೆ ಬರಿದಾದೀತು, ಜನ ಸೋಮಾರಿಗಳಾದಾರು ಎಂಬ ಅಪಾಯಗಳು ಅಧಿಕಾರಿಗಳ ಕಣ್ಣಿಗೆ ದೊಡ್ಡದಾಗಿ ಕಂಡವು. ಸಾವು ಮಾತ್ರ ದೂರದ ಕಾಗದದ ಅಂಕಿಯಾಗಿ ಉಳಿಯಿತು.

ಆ ಅಂಕಿ ಹೀಗಿದೆ. 1872ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 8.16 ಲಕ್ಷ, 1881ರಲ್ಲಿ ಅದು ಸುಮಾರು 6.38 ಲಕ್ಷ. ಸತ್ತವರು, ಊರು ಬಿಟ್ಟು ಮರಳದವರು, ಹುಟ್ಟದೇ ಹೋದ ಮಕ್ಕಳು ಈ ಅಂತರದಲ್ಲಿ ಸೇರಿದ್ದಾರೆ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಲ್ಲದಂತಾದ ಒಂದು ನಾಡನ್ನು ಕಲ್ಪಿಸಿಕೊಂಡರೆ ಈ ಅಂಕಿಯ ಭಾರ ತಿಳಿದೀತು.

ಭಯದಿಂದ ಏರ್ಪಾಡಿಗೆ

ಇಷ್ಟು ದೊಡ್ಡ ಬೆಲೆ ತೆತ್ತ ಮೇಲೆ ಭಯವು ನಿಧಾನವಾಗಿ ಏರ್ಪಾಡಿನ ರೂಪವನ್ನು ತಾಳಿತು. ಕ್ಷಾಮ ಆಯೋಗದ ವರದಿಯ ಹಿಂದೆಯೇ 1883ರಲ್ಲಿ ಕ್ಷಾಮ ಸಂಹಿತೆಯ ಮಾದರಿ ಸಿದ್ಧವಾಯಿತು. ಯಾವ ಲಕ್ಷಣಗಳು ಕಂಡಾಗ ಯಾರು ಯಾವ ಕಾರ್ಯವನ್ನು ಕೈಗೊಳ್ಳಬೇಕೆಂಬುದು ಮೊದಲೇ ಬರಹದಲ್ಲಿ ನಿಶ್ಚಿತವಾಯಿತು. ಹಗೇವಿಗೆ ಇಳಿಯುವ ಮುನ್ನ ದೀಪ ಬಿಡುವಂತೆ, ಬರವನ್ನು ಅಳೆಯುವುದಕ್ಕೂ ಒಂದು ದೀಪ ದೊರೆಯಿತೆನ್ನಬಹುದು. 1880ರ ದಶಕದಲ್ಲಿ ಹೊಟಗಿಯಿಂದ ಬಿಜಾಪುರದ ಮೂಲಕ ಗದಗಕ್ಕೆ ರೈಲುಮಾರ್ಗ ಬಂದಿತು. ಬರದ ಕಾಲದಲ್ಲಿ ಧಾನ್ಯ ಸಾಗಿಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಇಂಡಿ ಮತ್ತು ಬಸವನ ಬಾಗೇವಾಡಿಗಳ ಹೆಸರಿನ ನಿಲ್ದಾಣಗಳು ಆ ಮಾರ್ಗದಲ್ಲಿ ಬಂದವು. ಸಿಂದಗಿ, ಮುದ್ದೇಬಿಹಾಳಗಳು ದೂರವೇ ಉಳಿದವು.

ಏರ್ಪಾಡು ಬಂದೊಡನೆ ಸಂಕಟ ತೀರಲಿಲ್ಲ. 1896-97 ಮತ್ತು 1899-1900ರ ಬರಗಳು ಹಾಗೂ ಪ್ಲೇಗಿನ ಹಾವಳಿಯ ಆ ದಶಕದ ಕೊನೆಗೆ, 1891ರಲ್ಲಿ ಸುಮಾರು 7.96 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 1901ರಲ್ಲಿ 7.35 ಲಕ್ಷಕ್ಕೆ ಇಳಿದಿತ್ತು. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಒಡ್ಡು ಹಾಕಿ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸುವುದು, ಸಾಲಿನ ಅಂತರ ಹೆಚ್ಚಿಸುವುದು ಮುಂತಾದ ಕ್ರಮಗಳು ರೂಢಿಗೆ ಬಂದವು. ನೆರೆಯ ಮಹಾರಾಷ್ಟ್ರದಲ್ಲಿ 1972-73ರ ಭೀಕರ ಬರದಲ್ಲಿ ಒಂದು ಹಂತದಲ್ಲಿ ಸುಮಾರು 50 ಲಕ್ಷ ಜನ ಸರಕಾರಿ ಕಾಮಗಾರಿಗಳಲ್ಲಿ ದುಡಿದರು. ಬೆಳೆ ಪೂರ್ಣ ಹೋದರೂ ಹಸಿವಿನ ಸಾವುಗಳು 1876ರಂತೆ ಆಗಲಿಲ್ಲ. ಕೆಲಸ ಸಿಕ್ಕೇ ಸಿಗುವುದೆಂಬ ನಂಬಿಕೆ ಬಂದಾಗ ಜನರು ಎತ್ತು, ಹೊಲಗಳನ್ನು ಸಿಕ್ಕ ಬೆಲೆಗೆ ಮಾರುವ ಆತುರವೂ ಕಡಿಮೆಯಾಗುತ್ತದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿಯ ಜಲಾಶಯವು 2006ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಅದರ ನೀರು ಈ ಸೀಮೆಯ ಹಲವು ಹೊಲಗಳಿಗೂ ಕೆರೆಗಳಿಗೂ ತಲುಪಿತು. ಒಬ್ಬರ ಬರದ ಭಯವನ್ನು ಕಳೆದ ಅದೇ ನೀರು ಮುಳುಗಡೆಯ ಹಳ್ಳಿಗಳವರಿಗೆ ನೆಲೆ ತಪ್ಪುವ ಭಯವನ್ನು ತಂದಿತೆಂಬುದನ್ನೂ ಮರೆಯಲಾಗದು.

ಹೊಸ ಕಾಲದ ಆತಂಕಗಳು

ಇಂದು ಆತಂಕದ ಮುಖ ಬದಲಾಗಿದೆ. ಇಂಡಿ ಸೀಮೆ ನಿಂಬೆಗೆ ಹೆಸರಾಯಿತು. ಜೋಳ ಒಂದು ವರ್ಷ ಹೋದರೆ ಮರುವರ್ಷ ಬಿತ್ತಬಹುದು. ನಿಂಬೆಯ ಗಿಡ ಒಣಗಿದರೆ ಹಲವು ವರ್ಷಗಳ ದುಡಿಮೆ ಹೋದಂತೆ. 2010ರ ದಶಕದ ಬರ ವರ್ಷಗಳಲ್ಲಿ ಟ್ಯಾಂಕರಿನ ನೀರು ಕೊಂಡು ತೋಟ ಉಳಿಸಿಕೊಂಡವರಿದ್ದಾರೆ. ಒಂದು ಕೊಳವೆಬಾವಿ ಬತ್ತಿದರೆ ಇನ್ನೊಂದು, ಅದು ಬತ್ತಿದರೆ ಮತ್ತೊಂದು ಎಂದು ಸಾಲದಲ್ಲಿ ಇಳಿದವರೂ ಇದ್ದಾರೆ. ಬರುವ ಲಾಭದ ಸಂತೋಷಕ್ಕಿಂತ ಅಷ್ಟೇ ಪ್ರಮಾಣದ ನಷ್ಟದ ನೋವು ಮನುಷ್ಯನಿಗೆ ಹೆಚ್ಚಾಗಿ ತಟ್ಟುತ್ತದೆಂದು ಮೇಲೆ ಹೇಳಿದ ವಿದ್ವಾಂಸರೇ 1979ರಲ್ಲಿ ಪ್ರತಿಪಾದಿಸಿದರು. ಕೈಯಲ್ಲಿದ್ದುದನ್ನು ಕಳೆದುಕೊಳ್ಳುವ ಭಯವು ಅದಕ್ಕಿಂತ ದೊಡ್ಡ ಗಂಡಾಂತರಕ್ಕೆ ಕೈಹಾಕಿಸುತ್ತದೆ.

ಅಪಾಯವು ಬಂದ ದಿಕ್ಕಿನಿಂದಲೇ ಮತ್ತೆ ಬರುವುದೆಂಬ ನಿಯಮವೂ ಇಲ್ಲ. ಬರವನ್ನೇ ಕಾಯುತ್ತಿದ್ದ ಭೀಮಾತೀರದ ಇಂಡಿ, ಸಿಂದಗಿ ಭಾಗದ ಹಳ್ಳಿಗಳಿಗೆ 2020ರ ಅಕ್ಟೋಬರಿನಲ್ಲಿ ಪ್ರವಾಹ ನುಗ್ಗಿತು. 1993ರ ಸೆಪ್ಟೆಂಬರ್ 30ರಂದು ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ಸಂಭವಿಸಿದ ಭೂಕಂಪದಲ್ಲಿ ಕಲ್ಲುಮಣ್ಣಿನ ಭಾರವಾದ ಮಾಳಿಗೆಗಳು ಕುಸಿದು ಸಾವಿರಾರು ಜನ ಮಡಿದರು. ಆ ನೆನಪಿನ ನಾಡಿಗೆ ದೂರವಲ್ಲದ ವಿಜಯಪುರ ಜಿಲ್ಲೆಯಲ್ಲಿ 2021 ಮತ್ತು 2022ರಲ್ಲಿ ಸಣ್ಣ ಕಂಪನಗಳಾದಾಗ ಜನರು ಮನೆಯಿಂದ ಹೊರಗೋಡಿದರೆ ಆಶ್ಚರ್ಯವಿಲ್ಲ. ಅಂಗಳದಲ್ಲಿ ಕಳೆದ ರಾತ್ರಿಗಳ ಅಂಜಿಕೆ ಬೆಳಗಾಗುತ್ತಲೇ ಮರೆತುಹೋಗುವುದಾದರೆ ಅದರಿಂದ ಪ್ರಯೋಜನವಿಲ್ಲ. ಸಡಿಲವಾದ ಗೋಡೆಯನ್ನು ಸರಿಪಡಿಸುವ ಕೆಲಸಕ್ಕೆ ಅದು ಪ್ರೇರಿಸಿದರೆ ಸಾರ್ಥಕ.

ಏಳು ಭಯಗಳು, ಒಂದು ದಾನ

ಭಯದ ಈ ಸ್ವಭಾವವನ್ನು ಜೈನಾಚಾರ್ಯರು ಸೂಕ್ಷ್ಮವಾಗಿ ವಿಭಾಗಿಸಿದ್ದಾರೆ. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಜೀವಿಗಳೆಲ್ಲಕ್ಕೂ ಸಮಾನವೆಂದು ಹೇಳಿ, ಭಯವನ್ನು ಮೋಹನೀಯ ಕರ್ಮದ ನೋಕಷಾಯಗಳಲ್ಲಿ ಎಣಿಸಿದ್ದಾರೆ. ಇಹಲೋಕ, ಪರಲೋಕ, ಅತ್ರಾಣ, ಅಗುಪ್ತಿ, ಮರಣ, ವೇದನಾ, ಆಕಸ್ಮಿಕ ಎಂದು ಭಯ ಏಳು ವಿಧ. ರಕ್ಷಕರಿಲ್ಲವೆಂಬ ಅತ್ರಾಣಭಯ ಕಾಮಗಾರಿಗೆ ಹೊರಟ ಬಡವನದು; ಭದ್ರವಾದ ನೆಲೆಯಿಲ್ಲವೆಂಬ ಅಗುಪ್ತಿಭಯ ಹಗೇವನ್ನು ಮುಚ್ಚಿ ಕುಳಿತವನದು; ಆಕಸ್ಮಿಕಭಯ ಕಂಪನದ ರಾತ್ರಿಯದು. ಸಮ್ಯಗ್ದೃಷ್ಟಿಯು ನಿಃಶಂಕನಾದುದರಿಂದ ಈ ಏಳರಿಂದಲೂ ಮುಕ್ತನೆಂದು ಕುಂದಕುಂದಾಚಾರ್ಯರು 'ಸಮಯಸಾರ'ದಲ್ಲಿ ತಿಳಿಸಿದ್ದಾರೆ. ನಿರ್ಭಯನೆಂದರೆ ಅಪಾಯವನ್ನು ಕಾಣದವನಲ್ಲ. ಇದ್ದುದನ್ನು ಇದ್ದಷ್ಟೇ ಅಳತೆಯಲ್ಲಿ ಕಾಣುವವನು. ಬರವನ್ನು ಮುಂಗಂಡ ಭದ್ರಬಾಹುಸ್ವಾಮಿಗಳು ಭೀತರಾಗಿರಲಿಲ್ಲ. ಅವರಿಗೆ ಅಪಾಯ ಸ್ಪಷ್ಟವಾಗಿ ಕಂಡಿತ್ತು.

ಗೃಹಸ್ಥನಿಗೆ ವಿಧಿಸಿದ ಪರಿಗ್ರಹ ಪರಿಮಾಣ ವ್ರತವೂ ಈ ಅಳತೆಗೇ ಸಂಬಂಧಿಸಿದುದು. ಕೂಡಿಡಬಾರದೆಂದು ಆ ವ್ರತ ಹೇಳುವುದಿಲ್ಲ. ಎಷ್ಟು ಸಾಕೆಂಬುದನ್ನು ಶಾಂತಚಿತ್ತದಿಂದ ಮೊದಲೇ ನಿಶ್ಚಯಿಸಬೇಕೆಂದು ಹೇಳುತ್ತದೆ. ಭಯದ ನಡುವೆ ಕುಳಿತು ಸಾಕೆಂಬುದನ್ನು ಅಳೆಯಲಾಗದೆಂಬುದನ್ನು 1876 ತೋರಿಸಿಕೊಟ್ಟಿದೆ. ಹಾಗೆಯೇ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಅಭಯಕ್ಕೆ ಪ್ರತ್ಯೇಕ ಸ್ಥಾನವಿರುವುದು ಅರ್ಥಪೂರ್ಣ. ಹಸಿದವನಿಗೆ ಕೊಟ್ಟ ಒಂದು ಸೇರು ಜೋಳ ಒಂದೆರಡು ದಿನಕ್ಕೆ ತೀರುತ್ತದೆ. ಹಸಿವಾದಾಗ ಜೋಳ ದೊರೆಯುವುದೆಂಬ ಭರವಸೆ ಊರನ್ನು ಊರಾಗಿ ಉಳಿಸುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಅನುಕೂಲಸ್ಥ ಕುಟುಂಬಗಳಿಗೂ ಈ ಚರಿತ್ರೆಯಲ್ಲಿ ಪಾಠವಿದೆ. ಕಷ್ಟಕಾಲಕ್ಕೆಂದು ನಿಧಿಯನ್ನು ಕೂಡಿಸುವ ಸಂಸ್ಥೆಗಳು ಹಲವು. ಯಾವ ಲಕ್ಷಣ ಕಂಡಾಗ, ಯಾರಿಗೆ, ಎಷ್ಟು ಎಂಬುದನ್ನು ಕಷ್ಟಕಾಲಕ್ಕೆ ಮೊದಲೇ ಬರೆದಿಟ್ಟವು ವಿರಳ. ಹಾಗೆ ಬರೆದಿಡದ ನಿಧಿಯು ಬಾಯಿ ಮುಚ್ಚಿದ ಹಗೇವಿನಂತೆ. ತೆರೆಯುವ ಹೊತ್ತು ಬಂದಾಗ, ಇನ್ನೂ ಕೆಟ್ಟ ಕಾಲ ಬಂದೀತೆಂಬ ಅನುಮಾನವೇ ಗೆಲ್ಲುತ್ತದೆ. ಮಳೆ ಚೆನ್ನಾಗಿ ಬಂದ ವರ್ಷದಲ್ಲಿ, ಮನಸ್ಸು ಶಾಂತವಾಗಿರುವಾಗ, ನಾಲ್ವರು ಕುಳಿತು ಆ ತೀರ್ಮಾನವನ್ನು ಮಾಡಿ ಊರಿಗೆ ತಿಳಿಸಬೇಕು. ಎರೆಭೂಮಿಯ ಹಳೆಯ ಹಗೇವುಗಳು ಇಂದು ಬಹುಮಟ್ಟಿಗೆ ಬಳಕೆ ತಪ್ಪಿವೆ. ಅವುಗಳ ಬಾಯಿಗೆ ಇಳಿಬಿಡುತ್ತಿದ್ದ ದೀಪದ ಅಗತ್ಯ ಮಾತ್ರ ಇನ್ನೂ ತಪ್ಪಿಲ್ಲ.